ಹಿಂಬರಹ ಕೈಗೆ ಬಂದಾಗ: ಪ್ರಾಥಮಿಕ ಶಿಕ್ಷಕ ಹುದ್ದೆಯ ವಿದ್ಯಾರ್ಹತೆ ವಿವಾದವನ್ನು ಎದುರಿಸುವುದು ಹೇಗೆ?

ಕಳಸದಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿ, ಕೊಟ್ಟಿಗೆಹಾರದ ಮಂಜು ದಾಟಿ, ಮೂಡಿಗೆರೆ ಹಾದು ಚಿಕ್ಕಮಗಳೂರು ಮುಟ್ಟುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತವಳ ಕೈಯಲ್ಲಿ ಫೈಲು, ಫೈಲಿನಲ್ಲಿ ಪದವಿ, ಬಿ.ಇಡಿ., ಟಿಇಟಿ ಎಲ್ಲವೂ ಇವೆ. ಆದರೂ ಮೇಜಿನ ಆಚೆಯಿಂದ ಬರುವ ಮಾತು ಒಂದೇ: ‘ಈ ಹುದ್ದೆಗೆ ನಿಗದಿಪಡಿಸಿದ ವಿದ್ಯಾರ್ಹತೆ ಇಲ್ಲ’. ಮನೆಯಲ್ಲಿ ಅಪ್ಪ ಕಾಫಿ ಕೊಯ್ಲಿನ ಕೂಲಿಯಲ್ಲಿ ಉಳಿಸಿ ಓದಿಸಿರುತ್ತಾರೆ. ಅವರಿಗೆ ಏನೆಂದು ಹೇಳುವುದು?

ಇಂಥವರು ನಮ್ಮ ಕಾಫಿ ಸೀಮೆಯಲ್ಲಿ ಊರಿಗೊಬ್ಬರಾದರೂ ಇದ್ದಾರೆ. ತೋಟದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ, ಎರಡೆಕರೆ ಸಣ್ಣ ಬೆಳೆಗಾರನ ಮಗನಿಗೆ ಸರ್ಕಾರಿ ಶಾಲೆಯ ಮೇಷ್ಟ್ರ ಕೆಲಸ ಈಗಲೂ ದೊಡ್ಡ ಆಸರೆ. ಅದಕ್ಕೇ ಆ ಕೆಲಸ ಕೈತಪ್ಪಿದಾಗ ಸಿಟ್ಟು, ಅಳು ಎರಡೂ ಬರುತ್ತವೆ. ಆದರೆ ಇಂಥ ವಿವಾದಗಳಲ್ಲಿ ಗೆಲ್ಲುವವರು ಯಾವ ನಿಯಮ ತಮಗೆ ಅನ್ವಯಿಸುತ್ತದೆ ಎಂದು ಮೊದಲೇ ಓದಿಕೊಂಡವರು, ಕಾಗದ ಜೋಪಾನ ಮಾಡಿದವರು, ಗಡುವು ಮೀರದಂತೆ ನಡೆದವರು. ಅಂಥವರಾಗಲು ಬಯಸುವವರಿಗಾಗಿ ಈ ಲೇಖನ.

ಹೆಚ್ಚು ಓದಿದರೆ ಹೆಚ್ಚು ಅರ್ಹತೆಯೇ?

ಮೊದಲು ಈ ಪ್ರಶ್ನೆ ಬಗೆಹರಿಯಬೇಕು. ವಿವಾದಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ನಮ್ಮ ಮನಸ್ಸಿನಲ್ಲಿ ಓದು ಎಂದರೆ ಏಣಿ. ಪಿಯುಸಿಗಿಂತ ಪದವಿ ಮೇಲು, ಡಿ.ಎಲ್.ಇಡಿ.ಗಿಂತ ಬಿ.ಇಡಿ. ಮೇಲು. ನ್ಯಾಯಾಲಯಗಳು ಹಾಗೆ ನೋಡುವುದಿಲ್ಲ. ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವುದು, ಎಣಿಕೆ ಕಲಿಸುವುದು ಬೇರೆಯೇ ವಿದ್ಯೆ. ಅದಕ್ಕೆಂದೇ ರೂಪಿಸಿದ ತರಬೇತಿ ಡಿ.ಎಲ್.ಇಡಿ. ಹಿಂದೆ ಇದನ್ನೇ ಟಿಸಿಎಚ್ ಎಂದು, ಆಮೇಲೆ ಡಿ.ಇಡಿ. ಎಂದು ಕರೆಯುತ್ತಿದ್ದೆವು. ಬಿ.ಇಡಿ. ದೊಡ್ಡ ಮಕ್ಕಳಿಗೆ ಪಾಠ ಹೇಳುವವರಿಗಾಗಿ ಇರುವ ತರಬೇತಿ. ಒಂದು ಇನ್ನೊಂದರ ಮೇಲಿನ ಮೆಟ್ಟಿಲಲ್ಲ, ಎರಡೂ ಬೇರೆ ಬೇರೆ ದಾರಿ.

ಸುಪ್ರೀಂ ಕೋರ್ಟ್ ಈ ಮಾತನ್ನು ಹೇಳುತ್ತಲೇ ಬಂದಿದೆ. 2003ರಲ್ಲಿ ಕೇರಳದ ಪಿ.ಎಂ. ಲತಾ ಪ್ರಕರಣದಲ್ಲಿ, ಪ್ರಾಥಮಿಕ ಹುದ್ದೆಗೆ ಅಲ್ಲಿನ ಶಿಕ್ಷಕರ ತರಬೇತಿಯಾದ ಟಿಟಿಸಿ ಕೇಳಿರುವಾಗ ಬಿ.ಇಡಿ. ಅದಕ್ಕಿಂತ ಮೇಲಿನದು ಎಂದು ವಾದಿಸಿ ಹುದ್ದೆ ಪಡೆಯಲಾಗದು ಎಂದಿತು. ಪಂಜಾಬಿನ ಅನಿತಾ ಪ್ರಕರಣದಲ್ಲೂ ಅದೇ ನಿಲುವು ತಳೆಯಿತು.

ನಡುವೆ ಒಂದು ತಿರುವು ಬಂತು. ಶಿಕ್ಷಣ ಹಕ್ಕು ಕಾಯ್ದೆ 2009ರ 23ನೇ ಕಲಮಿನಂತೆ ಶಿಕ್ಷಕರ ಕನಿಷ್ಠ ಅರ್ಹತೆ ನಿಗದಿ ಮಾಡುವ ಅಧಿಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನದು, ಅಂದರೆ ಎನ್‌ಸಿಟಿಇಯದು. ಅದು 2010ರ ಆಗಸ್ಟ್ 23ರಂದು ಅರ್ಹತೆಗಳನ್ನು ಪ್ರಕಟಿಸಿತು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಕಡ್ಡಾಯವಾದದ್ದು ಆಗಲೇ. 2018ರ ಜೂನ್ 28ರಂದು ಅದೇ ಪರಿಷತ್ತು, ಬಿ.ಇಡಿ. ಆದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು, ನೇಮಕವಾದ 2 ವರ್ಷದೊಳಗೆ 6 ತಿಂಗಳ ಸೇತುಬಂಧ ಕೋರ್ಸ್ ಮುಗಿಸಬೇಕು ಎಂದಿತು. ದೇಶದಾದ್ಯಂತ ಲಕ್ಷಾಂತರ ಮಂದಿ ಇದನ್ನು ನಂಬಿದರು. ರಾಜಸ್ಥಾನ ಹೈಕೋರ್ಟ್ 2021ರ ನವೆಂಬರ್‌ನಲ್ಲಿ ಆ ಅಧಿಸೂಚನೆಯನ್ನು ರದ್ದು ಮಾಡಿತು. 2023ರ ಆಗಸ್ಟ್ 11ರಂದು ದೇವೇಶ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ಮಗುವಿಗಿರುವುದು ಬರಿಯ ಶಿಕ್ಷಣದ ಹಕ್ಕಲ್ಲ, ಗುಣಮಟ್ಟದ ಶಿಕ್ಷಣದ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಬಿ.ಇಡಿ. ಮಾಡಿದವರಿಗೆ ಇದು ಕಹಿ. ಆದರೂ ತೀರ್ಪು ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ. ತಪ್ಪಿದ್ದರೆ ಅದು ಬಾಗಿಲು ತೆರೆದು ಐದು ವರ್ಷ ಆಸೆ ತೋರಿಸಿದ ಅಧಿಸೂಚನೆಯದ್ದು.

ಆ ಐದು ವರ್ಷಗಳಲ್ಲಿ ನೇಮಕವಾದವರ ಗತಿ? 2024ರ ಏಪ್ರಿಲ್ 8ರಂದು ಕೋರ್ಟ್ ಸ್ಪಷ್ಟನೆ ಕೊಟ್ಟಿತು. ಬಿ.ಇಡಿ.ಯನ್ನು ಅರ್ಹತೆಯೆಂದು ನಮೂದಿಸಿದ್ದ ಅಧಿಸೂಚನೆಯ ಮೇರೆಗೆ, ಯಾವ ಕೋರ್ಟಿನ ಷರತ್ತಿಗೂ ಒಳಪಡದೆ, 2023ರ ಆಗಸ್ಟ್ 11ಕ್ಕೆ ಮುಂಚೆ ನೇಮಕವಾದವರ ಕೆಲಸ ಉಳಿಯುತ್ತದೆ. ಅವರು ಸೇತುಬಂಧ ಕೋರ್ಸ್ ಮಾಡಬೇಕು.

ನಿಮ್ಮ ಓದು ಯಾವ ಹುದ್ದೆಗೆ ಸಲ್ಲುತ್ತದೆ?

ಕರ್ನಾಟಕದಲ್ಲಿ ‘ಪ್ರಾಥಮಿಕ ಶಿಕ್ಷಕ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಹುದ್ದೆಗಳಿವೆ. ಗೊಂದಲ ಶುರುವಾಗುವುದು ಇಲ್ಲಿಂದಲೇ.

ಒಂದು, 1ರಿಂದ 5ನೇ ತರಗತಿಯ ಶಿಕ್ಷಕರು, ಬಾಯಿಮಾತಿನಲ್ಲಿ ಪಿಎಸ್‌ಟಿ. ಇದಕ್ಕೆ ಪಿಯುಸಿಯಲ್ಲಿ ಶೇ. 50 ಅಂಕ, 2 ವರ್ಷದ ಡಿ.ಎಲ್.ಇಡಿ., ಟಿಇಟಿ ಪತ್ರಿಕೆ-1 ಬೇಕು. ಇನ್ನೊಂದು, 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರು, ಅಂದರೆ ಜಿಪಿಟಿ. ಇದಕ್ಕೆ ಸಂಬಂಧಿತ ವಿಷಯದ ಪದವಿ, ಬಿ.ಇಡಿ. ಅಥವಾ ಡಿ.ಎಲ್.ಇಡಿ., ಟಿಇಟಿ ಪತ್ರಿಕೆ-2. ಪರಿಶಿಷ್ಟರು, ಪ್ರವರ್ಗ-1ರವರು, ಅಂಗವಿಕಲರಿಗೆ ಶೇಕಡಾವಾರು ಅಂಕದಲ್ಲಿ ರಿಯಾಯಿತಿ ಇದೆ. ಟಿಇಟಿಯಲ್ಲಿ ಸಾಮಾನ್ಯ ವರ್ಗದವರು 150ಕ್ಕೆ 90 ಪಡೆಯಬೇಕು. 2021ರಿಂದ ಟಿಇಟಿ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ಇದೆ, 7 ವರ್ಷದ ಮಿತಿ ಈಗಿಲ್ಲ.

ಬಿ.ಇಡಿ. ಮಾಡಿದವರಿಗೆ ಹಾಗಾದರೆ ದಾರಿ ಮುಚ್ಚಿಲ್ಲ. 6ರಿಂದ 8ರ ಹುದ್ದೆಗೆ ಬಿ.ಇಡಿ. ಪೂರ್ತಿ ಸಲ್ಲುತ್ತದೆ. 2022ರಲ್ಲಿ 15,000 ಹುದ್ದೆಗಳಿಗೆ ಅರ್ಜಿ ಕರೆದದ್ದು ಇದೇ ವೃಂದಕ್ಕೆ. ತಪ್ಪು ಹುದ್ದೆಗೆ ಅರ್ಜಿ ಹಾಕಿ ಕೋರ್ಟಿಗೆ ಅಲೆಯುವುದಕ್ಕಿಂತ ಸರಿಯಾದ ಹುದ್ದೆಗೆ ಓದುವುದು ಮೇಲು.

ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಲೇ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಾದ ಎನ್‌ಐಒಎಸ್‌ನಿಂದ 18 ತಿಂಗಳ ಡಿ.ಎಲ್.ಇಡಿ. ಮಾಡಿದವರು ನಮ್ಮ ಭಾಗದಲ್ಲೂ ಇದ್ದಾರೆ. ಅವರಿಗೆ ಎರಡು ತೀರ್ಪು ಗೊತ್ತಿರಬೇಕು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೋರ್ಸು 2 ವರ್ಷದ ಡಿಪ್ಲೊಮಾಗೆ ಸಮವಲ್ಲ ಎಂದಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ತಿಳಿಗೊಳಿಸಿ, 2017ರ ಆಗಸ್ಟ್ 10ರಂದು ಶಿಕ್ಷಕರಾಗಿ ಸೇವೆಯಲ್ಲಿದ್ದು 2019ರ ಏಪ್ರಿಲ್ 1ಕ್ಕೆ ಮೊದಲು ಕೋರ್ಸ್ ಮುಗಿಸಿದವರ ಡಿಪ್ಲೊಮಾ ಮಾನ್ಯ ಎಂದಿತು. ನೀವು ಆ ಗುಂಪಿನವರಾದರೆ, ಆಗ ಸೇವೆಯಲ್ಲಿದ್ದಿರಿ ಎಂಬುದಕ್ಕೆ ಶಾಲೆಯ ಹಾಜರಿ, ಸಂಬಳದ ದಾಖಲೆಯ ಪ್ರತಿ ಈಗಲೇ ತೆಗೆದಿಟ್ಟುಕೊಳ್ಳಿ. ಶಾಲೆ ಮುಚ್ಚಿಹೋದ ಮೇಲೆ ಅವು ಸಿಗುವುದಿಲ್ಲ.

ಅರ್ಜಿ ಹಾಕುವ ಮುಂಚೆ

1. ಅಧಿಸೂಚನೆಯ ಜೊತೆಗೆ ವೃಂದ ಮತ್ತು ನೇಮಕಾತಿ ನಿಯಮವನ್ನೂ ಓದಿ. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ನಿಲ್ಲುವುದು ನಿಯಮವೇ. ಪತ್ರಿಕೆಯಲ್ಲಿ ಬಂದ ಸುದ್ದಿ, ಕೋಚಿಂಗ್ ಕೇಂದ್ರದವರ ಮಾತು, ವಾಟ್ಸ್‌ಆ್ಯಪ್ ಸಂದೇಶ ಯಾವುದೂ ಆಧಾರವಲ್ಲ.

2. ಅರ್ಜಿಯ ಕೊನೆಯ ದಿನಾಂಕಕ್ಕೆ ನಿಮ್ಮ ಅರ್ಹತೆ ಪೂರ್ಣವಾಗಿರಬೇಕು. ಅಧಿಸೂಚನೆ ಬೇರೆ ಹೇಳಿದ್ದರೆ ಮಾತ್ರ ವಿನಾಯಿತಿ. ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಬರಬೇಕು ಎಂದರೆ ಸಾಲದು. 1993ರ ರೇಖಾ ಚತುರ್ವೇದಿ ಪ್ರಕರಣದಿಂದ ಸುಪ್ರೀಂ ಕೋರ್ಟ್ ಈ ನಿಲುವು ಬದಲಿಸಿಲ್ಲ. ಕೊನೆಯ ದಿನಕ್ಕೆ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯದಿದ್ದರೆ, ಅರ್ಹತೆ ಇಲ್ಲವೆಂದು ಅರ್ಜಿಯನ್ನೇ ಹಾಕದೆ ಕೂತವರಿಗೆ ಅನ್ಯಾಯವಾಗುತ್ತದೆ ಎಂಬುದು ಇದರ ಹಿಂದಿನ ತರ್ಕ.

3. ಶೇ. 49.8 ಎಂದರೆ 50 ಅಲ್ಲ. ನಿಯಮದಲ್ಲಿ ಹೇಳಿರದ ಹೊರತು ಅಂಕವನ್ನು ಮೇಲಕ್ಕೆ ಏರಿಸಿ ಲೆಕ್ಕ ಹಾಕುವಂತಿಲ್ಲ.

4. ಡಿಪ್ಲೊಮಾ ಅಥವಾ ಬಿ.ಇಡಿ. ಕೊಟ್ಟ ಸಂಸ್ಥೆಗೆ, ನೀವು ಓದಿದ ವರ್ಷ ಎನ್‌ಸಿಟಿಇ ಮಾನ್ಯತೆ ಇತ್ತೇ ನೋಡಿ. ಮಾನ್ಯತೆಯಿಲ್ಲದ ಕಡೆ ಪಡೆದ ತರಬೇತಿ ಸರ್ಕಾರಿ ನೇಮಕಕ್ಕೆ ನಡೆಯದು ಎಂದು ಎನ್‌ಸಿಟಿಇ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಹೊರರಾಜ್ಯದಲ್ಲಿ ಓದಿದವರು ಮಾನ್ಯತೆ ಆದೇಶದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ.

5. ಎಲ್ಲ ಕಾಗದದಲ್ಲೂ ಹೆಸರು ಒಂದೇ ಇರಲಿ. ಲೈನ್‌ಮನೆಗಳ ಕಡೆ ತಮಿಳು, ತುಳು, ಮಲಯಾಳ ಮಾತಾಡುವ ಮನೆಗಳ ಮಕ್ಕಳ ಹೆಸರು ಒಂದೊಂದು ಅಂಕಪಟ್ಟಿಯಲ್ಲಿ ಒಂದೊಂದು ಥರ ಇರುತ್ತದೆ, ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಮದುವೆಯಾದ ಹೆಣ್ಣುಮಕ್ಕಳದ್ದು ಇನ್ನೊಂದು ಪಾಡು. ಹೆಸರಿನ ತಿದ್ದುಪಡಿಯನ್ನು ನೇಮಕಾತಿ ಬರುವ ಮುಂಚೆಯೇ ಮುಗಿಸಿ.

6. ಕೊನೆಯ ದಿನಕ್ಕೆ ಕಾಯಬೇಡಿ. ಆಷಾಢದ ಮಳೆಗೆ ಸಂಸೆ, ಹಿರೇಬೈಲು, ಜಾವಳಿ ಕಡೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮಳೆಯಿಂದ ಅಪ್‌ಲೋಡ್ ಆಗಲಿಲ್ಲ ಎಂಬ ಕಾರಣವನ್ನು ನೆಚ್ಚಿಕೊಂಡು ಕೂರಬಾರದು.

ಇನ್ನೊಂದು ಮಾತು. ಮಲೆನಾಡಿನ ತೇವಕ್ಕೆ ಅಂಕಪಟ್ಟಿಗೂ ಬೂಷ್ಟು ಹಿಡಿಯುತ್ತದೆ. 2019ರ ಆಗಸ್ಟ್‌ನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರಲ್ಲಿ ಮನೆಗಳೇ ನೆಲಸಮವಾದವು. ಮೂಲ ದಾಖಲೆಗಳನ್ನು ಗಾಳಿಯಾಡದ ಚೀಲದಲ್ಲಿಟ್ಟು, ಸ್ಕ್ಯಾನ್ ಮಾಡಿದ ಪ್ರತಿಯನ್ನು ಡಿಜಿಲಾಕರ್‌ನಲ್ಲೂ ಇನ್ನೊಬ್ಬರ ಮನೆಯಲ್ಲೂ ಇಡಿ. ಕಳೆದಿದ್ದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿ.ಎಲ್.ಇಡಿ. ಮೂರರ ನಕಲು ಅಂಕಪಟ್ಟಿಗೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಈಗಲೇ ಅರ್ಜಿ ಹಾಕಿ.

ತಿರಸ್ಕಾರವಾದ ಮೇಲೆ

ಇಲ್ಲಿ ದಿನ ಎಣಿಸಿ ನಡೆಯಬೇಕು.

1. ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಿಕೊಂಡು ಹಿಂತಿರುಗಬೇಡಿ. ಕಾರಣ ನಮೂದಿಸಿದ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಕೊಡದಿದ್ದರೆ ನೀವೇ ಮನವಿ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳಿ. ಆ ಮೊಹರೇ ಮುಂದೆ ನಿಮ್ಮ ಸಾಕ್ಷಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

2. ತಾತ್ಕಾಲಿಕ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಕೊಡುವ ಕಾಲಾವಕಾಶ ಕೆಲವೇ ದಿನ. ಮಾವನ ಮನೆ ಮದುವೆ ಮುಗಿಸಿ ನೋಡೋಣ ಎಂದರೆ ಆಗದು. ಆಕ್ಷೇಪಣೆಯಲ್ಲಿ ಕಷ್ಟಸುಖ ಬರೆಯುವ ಅಗತ್ಯವಿಲ್ಲ. ಯಾವ ಅಧಿಸೂಚನೆಯ ಯಾವ ಕಂಡಿಕೆ, ನಿಮ್ಮ ಯಾವ ದಾಖಲೆ ಅದಕ್ಕೆ ಹೊಂದುತ್ತದೆ, ಅದನ್ನು ಯಾವಾಗ ಸಲ್ಲಿಸಿದ್ದಿರಿ: ಇಷ್ಟು ಒಂದು ಪುಟದಲ್ಲಿ ಸಾಕು.

3. ನಿಮ್ಮಂಥದ್ದೇ ವಿದ್ಯಾರ್ಹತೆಯ ಇನ್ನೊಬ್ಬರನ್ನು ಆಯ್ಕೆ ಮಾಡಿದ್ದಾರೆ ಎಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ. ಆದರೆ ಆ ಉತ್ತರಕ್ಕೆ ಕಾಯುತ್ತ ಮುಂದಿನ ಹೆಜ್ಜೆ ನಿಲ್ಲಿಸಬೇಡಿ.

4. ಸರಿಯಾದ ಬಾಗಿಲು ತಟ್ಟಿ. ಸರ್ಕಾರಿ ಶಾಲೆಯ ನೇಮಕದ ತಕರಾರಿಗೆ ಮೊದಲ ಮೆಟ್ಟಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಕೆಎಸ್‌ಎಟಿ. ಚಿಕ್ಕಮಗಳೂರಿನವರಿಗೆ ಅದು ಬೆಂಗಳೂರಿನಲ್ಲಿ. ಅಲ್ಲಿ ಸೋತ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠ. 1997ರ ಎಲ್. ಚಂದ್ರಕುಮಾರ್ ತೀರ್ಪು ಹಾಕಿಕೊಟ್ಟ ಕ್ರಮ ಇದು.

ಈ ನಾಲ್ಕನೆಯ ಮಾತಿಗೆ ನಮ್ಮ ರಾಜ್ಯದ್ದೇ ಪಾಠವಿದೆ. 2022ರ ಪದವೀಧರ ಶಿಕ್ಷಕರ ನೇಮಕದಲ್ಲಿ ತಕರಾರು ಎದ್ದದ್ದು ಪದವಿಯ ಬಗ್ಗೆ ಅಲ್ಲ, ಪ್ರಮಾಣಪತ್ರದ ಬಗ್ಗೆ. ವಿವಾಹಿತ ಮಹಿಳೆಯರು ಜಾತಿ ಮತ್ತು ಆದಾಯಕ್ಕೆ ತಂದೆಯ ಕಡೆಯ ಪ್ರಮಾಣಪತ್ರ ಕೊಡಬೇಕೋ, ಗಂಡನ ಕಡೆಯದ್ದೋ ಎಂಬ ಪ್ರಶ್ನೆ ಎದ್ದಿತು. 2023ರ ಜನವರಿಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆಯ್ಕೆ ಪಟ್ಟಿಯನ್ನು ರದ್ದು ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ, ಅರ್ಜಿದಾರರು ಮೊದಲು ಹೋಗಬೇಕಾದದ್ದು ಕೆಎಸ್‌ಎಟಿಗೆ ಎಂದು ಹೇಳಿ, 13,000ಕ್ಕೂ ಹೆಚ್ಚು ಮಂದಿಯ ನೇಮಕಕ್ಕೆ ದಾರಿ ಬಿಟ್ಟಿತು. ನಡುವಿನ ಆ ತಿಂಗಳುಗಳಲ್ಲಿ ಆಯ್ಕೆಯಾದವರು ಆದೇಶಕ್ಕಾಗಿ ಕಾದರು, ಆಯ್ಕೆಯಾಗದವರು ತೀರ್ಪಿಗಾಗಿ ಕಾದರು, ಶಾಲೆಗಳಲ್ಲಿ ಮಕ್ಕಳು ಮೇಷ್ಟ್ರಿಗಾಗಿ ಕಾದರು.

5. ಗಡುವು ನೆನಪಿಡಿ. ಅಂತಿಮ ಆದೇಶ ಬಂದ 1 ವರ್ಷದೊಳಗೆ ಕೆಎಸ್‌ಎಟಿಗೆ ಅರ್ಜಿ ಹಾಕಬೇಕು. ಇಲಾಖೆಗೆ ಮೇಲ್ಮನವಿ ಕೊಟ್ಟು 6 ತಿಂಗಳಾದರೂ ಉತ್ತರ ಇಲ್ಲವೆಂದರೆ, ಆ 6 ತಿಂಗಳು ಮುಗಿದಲ್ಲಿಂದ 1 ವರ್ಷ. ಕಾನೂನಿನ ಮಿತಿ ಇದು. ವಾಸ್ತವದಲ್ಲಿ ಇಷ್ಟು ಪುರುಸೊತ್ತಿಲ್ಲ. ನೇಮಕಾತಿ ಆದೇಶ ಹಂಚುವ ಮುಂಚೆಯೇ ಹೋಗಿ, ಒಂದು ಹುದ್ದೆಯನ್ನು ಖಾಲಿ ಇಡುವಂತೆ ಮಧ್ಯಂತರ ಆದೇಶ ಕೇಳಬೇಕು. ಹುದ್ದೆಯೆಲ್ಲ ತುಂಬಿದ ಮೇಲೆ ಗೆದ್ದರೂ ಫಲ ಕಡಿಮೆ.

6. ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಸಹಾಯವಾಣಿ 15100.

ಖಾಸಗಿ ಶಾಲೆಯ ಶಿಕ್ಷಕರ ದಾರಿ ಬೇರೆ. ಅರ್ಹತೆಯಿಲ್ಲ ಎಂದು ಆಡಳಿತ ಮಂಡಳಿ ಕೆಲಸದಿಂದ ತೆಗೆದರೆ, ಕರ್ನಾಟಕ ಶಿಕ್ಷಣ ಕಾಯ್ದೆ 1983ರ 94ನೇ ಕಲಮಿನಂತೆ ಆದೇಶ ತಲುಪಿದ 3 ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಅದು ಜಿಲ್ಲಾ ನ್ಯಾಯಾಧೀಶರ ಮುಂದೆಯೇ ನಡೆಯುವುದರಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪರೀಕ್ಷೆ ಬರೆದು, ಆಯ್ಕೆಯಾಗದ ಮೇಲೆ ಅಧಿಸೂಚನೆಯೇ ಸರಿಯಿಲ್ಲ ಎನ್ನುವುದು ಮೊದಲನೆಯ ತಪ್ಪು. ಷರತ್ತು ತಪ್ಪು ಎನ್ನಿಸಿದರೆ ಪರೀಕ್ಷೆಗೆ ಮುಂಚೆಯೇ ಪ್ರಶ್ನಿಸಬೇಕು. ಗೊತ್ತಿದ್ದೂ ಭಾಗವಹಿಸಿದವರು ಆಮೇಲೆ ತಗಾದೆ ತೆಗೆಯುವಂತಿಲ್ಲ ಎಂದು 1995ರ ಮದನ್‌ಲಾಲ್ ತೀರ್ಪಿದೆ.

ಆಯ್ಕೆಯಾದವರನ್ನು ಪ್ರತಿವಾದಿಗಳನ್ನಾಗಿ ಸೇರಿಸದಿರುವುದು ಎರಡನೆಯದು. ಅವರ ಕೆಲಸಕ್ಕೆ ಕುತ್ತು ತರುವ ಅರ್ಜಿಯಲ್ಲಿ ಅವರ ಮಾತನ್ನು ಕೇಳದೆ ತೀರ್ಪು ಕೊಡಲಾಗದು. ಉತ್ತರ ಪ್ರದೇಶದ ಶಿಕ್ಷಕರದ್ದೇ ಆದ 1984ರ ಪ್ರಬೋಧ್ ವರ್ಮಾ ಪ್ರಕರಣದಲ್ಲಿ ಇದು ಇತ್ಯರ್ಥವಾಗಿದೆ. ಎಲ್ಲರನ್ನೂ ಸೇರಿಸಲಾಗದಿದ್ದರೆ ಪ್ರಾತಿನಿಧಿಕವಾಗಿ ಕೆಲವರನ್ನಾದರೂ ಸೇರಿಸಿ.

ಮೂರನೆಯದು, ಮನವಿಯ ಮೇಲೆ ಮನವಿ ಕೊಡುತ್ತ ಹೋಗುವುದು. ಶಾಸಕರಿಗೆ, ಮಂತ್ರಿಗಳಿಗೆ, ಆಯುಕ್ತರಿಗೆ ಪತ್ರ ಬರೆದಷ್ಟೂ ಗಡುವು ಮುಂದಕ್ಕೆ ಹೋಗುವುದಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ರಾಥೋರ್ ಪ್ರಕರಣದಲ್ಲಿ ಇದನ್ನು ಹೇಳಿದೆ.

ನಾಲ್ಕನೆಯದು ದುಡ್ಡಿಗೇ ಕುತ್ತು. ‘6 ತಿಂಗಳ ಸೇತುಬಂಧ ಕೋರ್ಸ್ ಮಾಡಿ, ಬಿ.ಇಡಿ.ಗೆ ಪ್ರಾಥಮಿಕ ಶಾಲೆ ಕೆಲಸ’ ಎಂಬ ಜಾಹೀರಾತು ನಂಬಬೇಡಿ. ಆ ಕೋರ್ಸು ಆಗಲೇ ನೇಮಕವಾಗಿ ಕೋರ್ಟಿನ ರಕ್ಷಣೆ ಪಡೆದವರಿಗೆ ಮಾತ್ರ. ಹೊಸಬರಿಗೆ ಅದರಿಂದ 1ರಿಂದ 5ನೇ ತರಗತಿಯ ಅರ್ಹತೆ ಬಾರದು. ಇನ್ನು ಅಂಕಪಟ್ಟಿಯನ್ನೇ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ. ಹತ್ತು ವರ್ಷ ಕಳೆದ ಮೇಲೆ ನೈಜತೆ ಪರಿಶೀಲನೆಗೆ ಹೋದರೂ ಕೆಲಸ ಹೋಗುತ್ತದೆ, ಕ್ರಿಮಿನಲ್ ಕೇಸು ಬೀಳುತ್ತದೆ.

ಈಗಾಗಲೇ ಸೇವೆಯಲ್ಲಿರುವ ಮೇಷ್ಟ್ರುಗಳಿಗೆ

ಹಿಂದೆ 1ರಿಂದ 7ನೇ ತರಗತಿಗೆಂದು ನೇಮಕವಾದವರನ್ನು ಹೊಸ ವೃಂದ ನಿಯಮ 1ರಿಂದ 5ಕ್ಕೆ ಸೇರಿಸಿತು. ಪದವಿ ಇದ್ದು, ವರ್ಷಗಟ್ಟಲೆ 6, 7ನೇ ತರಗತಿಗೆ ಪಾಠ ಮಾಡಿದವರಿಗೆ ಇದರಿಂದ ನೋವಾಗಿದೆ, ಅವರ ಸಂಘ ಹೋರಾಡುತ್ತಿದೆ. ಅವರ ಬೇಡಿಕೆಯಲ್ಲಿ ನ್ಯಾಯವಿದೆ. ಅದು ಏನಾದರೂ ಆಗಲಿ, ನಿಮ್ಮ ಪದವಿ ಸೇವಾ ಪುಸ್ತಕದಲ್ಲಿ ದಾಖಲಾಗಿದೆಯೇ, ಓದುವ ಮುಂಚೆ ಇಲಾಖೆಯ ಅನುಮತಿ ಪಡೆದಿದ್ದಿರೇ ಎಂದು ಇವತ್ತೇ ನೋಡಿ. ಬಡ್ತಿಯ ಹೊತ್ತಿಗೆ ಇವೆರಡೂ ಅಡ್ಡ ಬರುತ್ತವೆ.

ಇದಕ್ಕಿಂತ ತುರ್ತಾದದ್ದು ಟಿಇಟಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕವಾದ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂದಿತು. ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿದ್ದರೆ ತೀರ್ಪಿನಿಂದ 2 ವರ್ಷದೊಳಗೆ ಪಾಸಾಗಬೇಕು, 5 ವರ್ಷಕ್ಕಿಂತ ಕಡಿಮೆ ಇದ್ದವರು ಮುಂದುವರಿಯಬಹುದು, ಬಡ್ತಿ ಬೇಕಿದ್ದರೆ ಅವರೂ ಟಿಇಟಿ ಪಾಸಾಗಲೇಬೇಕು ಎಂಬುದು ತೀರ್ಪಿನ ಸಾರ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಕಳಿಸಿದೆ. ಇಪ್ಪತ್ತೈದು ವರ್ಷ ಪಾಠ ಹೇಳಿದ ಮೇಲೆ ಮತ್ತೆ ಪರೀಕ್ಷೆಯೇ ಎಂಬ ಸಂಕಟ ಅರ್ಥವಾಗುತ್ತದೆ. ಆದರೆ ವಿನಾಯಿತಿ ಸಿಕ್ಕೀತು ಎಂದು ಕೈಕಟ್ಟಿ ಕೂರುವುದು ಅಪಾಯ. ಇಲಾಖೆಯ ಹೊಸ ಸುತ್ತೋಲೆ ವಿಚಾರಿಸುತ್ತಿರಿ, ಬರುವ ಟಿಇಟಿಗೆ ಅರ್ಜಿ ಹಾಕಿ. ಸಂಜೆ ಎರಡು ಗಂಟೆ ಹೊಸ ಪಠ್ಯಕ್ರಮ ಓದಿದರೂ ಆದೀತು. ಮಕ್ಕಳ ಮನೋವಿಜ್ಞಾನ, ಬೋಧನಾ ಕ್ರಮ ನಿಮಗೆ ತರಗತಿಯಲ್ಲೇ ಬಂದ ವಿದ್ಯೆ.

ನಿಮ್ಮ ಮನೆಯಲ್ಲಿ ಯಾರಾದರೂ ಮುಂದಿನ ನೇಮಕಾತಿಗೆ ಕಾಯುತ್ತಿದ್ದರೆ ಈ ಭಾನುವಾರವೇ ಆ ಫೈಲು ತೆಗೆದು ಕೂತುಕೊಳ್ಳಿ. ಹೆಸರು, ದಿನಾಂಕ, ಶೇಕಡಾವಾರು ಅಂಕ, ಸಂಸ್ಥೆಯ ಮಾನ್ಯತೆ, ಈ ನಾಲ್ಕನ್ನು ಒಂದೊಂದು ಕಾಗದದಲ್ಲೂ ನೋಡಿ. ತಪ್ಪು ಕಂಡರೆ ಸೋಮವಾರವೇ ತಿದ್ದುಪಡಿಗೆ ಅರ್ಜಿ ಕೊಡಿ.